ಒಂದು ಹಾಳೆ, ನಾಲ್ಕು ಕೈ

ನಾಲ್ವರು ಕುಳಿತು ಒಂದೇ ಹಾಳೆಯ ಮೇಲೆ, ಒಂದೇ ವೇಳೆಗೆ, ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗದಂತೆ ಬರೆಯಬಹುದೆಂದರೆ ನಮ್ಮ ಹಿರಿಯರು ನಕ್ಕಾರು. ಆದರೆ ಈ ವರ್ಷ ನೌಬಾದದ ನಮ್ಮ ಕಾಲೇಜಿನ ಗಣಕ ಕೊಠಡಿಯಲ್ಲಿ ಅದು ನಡೆದಿದೆ. ಬಹಮನಿ ಅರಸರ ಕಾಲದಲ್ಲಿ ಕೆಮ್ಮಣ್ಣುಗಲ್ಲನ್ನು ಕೊರೆದು ನೆಲದೊಳಗೆ ನೀರು ಹರಿಸಿದ ನಮ್ಮೂರ ಕರೇಜನ್ನು ಕುರಿತು, ಈ ಸಂಚಿಕೆಗೆಂದು ನಾವು ನಾಲ್ವರು ವಿದ್ಯಾರ್ಥಿಗಳು ಲೇಖನವೊಂದನ್ನು ಬರೆದೆವು. ಬರೆದುದು ‘ಈಥರ್‌ಪ್ಯಾಡ್’ ಎಂಬ ಸಾಧನದಲ್ಲಿ. ಜಗತ್ತಿಗೆ ಅದು ಹೊಸದಲ್ಲ; ನಮಗೆ ಹೊಸದು. ಅದರ ಗುಣದೋಷಗಳನ್ನು ಕುರಿತು ನನಗೆ ತೋರಿದ ಕೆಲವು ಮಾತುಗಳನ್ನು ವಾಚಕರ ಮುಂದಿಡುತ್ತೇನೆ.

ಅದರ ಪೂರ್ವಚರಿತ್ರೆ ಸ್ವಾರಸ್ಯವಾಗಿದೆ. 2008ರಲ್ಲಿ ಅಮೆರಿಕದ ಆ್ಯಪ್‌ಜೆಟ್ ಎಂಬ ಸಣ್ಣ ಸಂಸ್ಥೆ ಇದನ್ನು ಹೊರತಂದಿತು. 2009ರ ಡಿಸೆಂಬರಿನಲ್ಲಿ ಗೂಗಲ್ ಆ ಸಂಸ್ಥೆಯನ್ನು ಕೊಂಡಿತು. ಕೊಂಡೊಡನೆ ಈಥರ್‌ಪ್ಯಾಡಿನ ಸೇವೆಯನ್ನು ಮುಚ್ಚುವುದಾಗಿ ಪ್ರಕಟಣೆಯೂ ಹೊರಟಿತು. ಬಳಸುತ್ತಿದ್ದವರು ಗದ್ದಲವೆಬ್ಬಿಸಿದರು. ಅದೇ ತಿಂಗಳಲ್ಲಿ ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಿಕೊಳ್ಳಬಹುದು ಎಂದು ಬಹಿರಂಗಪಡಿಸಲಾಯಿತು. ವಿನೋದವೆಂದರೆ, ಆ ತಂಡ ಹೋಗಿ ಸೇರಿದ ‘ಗೂಗಲ್ ವೇವ್’ ಎಂಬ ದೊಡ್ಡ ಯೋಜನೆಯನ್ನು 2010ರ ಆಗಸ್ಟಿನಲ್ಲಿಯೇ ಕೈಬಿಟ್ಟರು. ನುಂಗಿದ್ದು ಹೋಯಿತು, ನುಂಗಿಸಿಕೊಂಡದ್ದು ಉಳಿಯಿತು!

ಇದರಿಂದ ನಮಗೇನು ಲಾಭವೆಂದು ಕೇಳುವವರಿಗೆ ಹೇಳುತ್ತೇನೆ. ನಮ್ಮ ಕೊಠಡಿಯ ಹಳೆಯ ಗಣಕಯಂತ್ರವೊಂದರಲ್ಲಿ ಇದನ್ನು ಸ್ಥಾಪಿಸಿದ್ದಾರೆ. ಉಳಿದ ಯಂತ್ರಗಳು ಕೊಠಡಿಯೊಳಗಿನ ತಂತಿಯ ಮೂಲಕವೇ ಅದನ್ನು ಮುಟ್ಟುತ್ತವೆ. ಎರಡು ದಿನ ಇಂಟರ್‌ನೆಟ್ ಸತ್ತುಹೋಗಿದ್ದಾಗಲೂ ನಮ್ಮ ಬರವಣಿಗೆ ನಿಲ್ಲಲಿಲ್ಲ. ಹಣವಿಲ್ಲ, ಖಾತೆ ತೆರೆಯುವ ತಂಟೆಯಿಲ್ಲ.

ಕನ್ನಡವನ್ನು ಅದು ಚೆನ್ನಾಗಿ ಸಹಿಸುತ್ತದೆ, ಆದರೆ ಯೂನಿಕೋಡಿನ ಕನ್ನಡವನ್ನು ಮಾತ್ರ. ನಮ್ಮಲ್ಲೊಬ್ಬಳು ಹಳೆಯ ‘ನುಡಿ’ ಅಕ್ಷರಗಳಲ್ಲಿದ್ದ ಎರಡು ಪುಟಗಳನ್ನು ತಂದು ಅಂಟಿಸಿದಾಗ ತಲೆಬುಡವಿಲ್ಲದ ರೋಮನ್ ಅಕ್ಷರಗಳ ಸಂತೆ ನೆರೆಯಿತು, ಪರಿವರ್ತಿಸಿ ತರಬೇಕಾಯಿತು. ಇನ್ನೊಂದು ಸೋಜಿಗ. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಗಣಕಕ್ಕೆ ಆರು ಸಂಕೇತಗಳು. ಎದುರು ಸಾಲಿನಲ್ಲಿ ಕುಳಿತವಳು ಅದನ್ನು ಒತ್ತುತ್ತಿರುವಾಗ ಮೊದಲು ಸಕಾರ, ಆಮೇಲೆ ಕೊಂಬಿನಂಥ ಅರ್ಧಾಕ್ಷರ, ಬಳಿಕ ಒತ್ತು, ಕೊನೆಗೆ ದೀರ್ಘ, ಹೀಗೆ ಅಕ್ಷರವು ನನ್ನ ಪರದೆಯ ಮೇಲೆ ಹುಟ್ಟುವುದನ್ನೇ ಕಾಣಬಹುದು. ಬಾಲಬೋಧೆಯ ದಿನಗಳು ನೆನಪಾದವು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಹಾಳೆಯಲ್ಲಿ ಬರೆಯುವ ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಯಾರು ಏನು ಬರೆದರೆಂಬುದು ಹಿನ್ನೆಲೆಯ ಬಣ್ಣದಿಂದಲೇ ತಿಳಿಯುತ್ತದೆ. ಇದು ನ್ಯಾಯವಾದ ಏರ್ಪಾಡೆಂದು ಎಲ್ಲರೂ ಮೆಚ್ಚಿದರು. ನನಗೆ ಮಾತ್ರ ಎರಡನೆಯ ದಿನವೇ ಸಂದೇಹ ಹುಟ್ಟಿತು. ಬಣ್ಣವು ಬರೆದವರನ್ನು ತೋರಿಸುತ್ತದೆ, ಅಳಿಸಿದವರನ್ನು ತೋರಿಸುವುದಿಲ್ಲ.

ನಮ್ಮ ನಾಲ್ವರಲ್ಲಿ ಔರಾದ ಕಡೆಯ ಗೆಳೆಯನೊಬ್ಬನಿದ್ದಾನೆ. ಅವನ ತಾಯಿಯ ತವರು ನೌಬಾದ. ಕೀಲಿಮಣೆಯ ಮೇಲೆ ಅವನದು ಒಂದೇ ಬೆರಳಿನ ವ್ಯವಸಾಯ. ಅವನು ಕಷ್ಟಪಟ್ಟು, “ಸುರಂಗ ಬಾವ್ಯಾಗಿನ ನೀರ ಸಿಹಿ ಇತ್ತಂತ ನಮ್ಮ ಆಯಿ ಅಂತಿದ್ಳು” ಎಂದು ಬರೆದ. ವಾಕ್ಯ ಮುಗಿಯುವುದರೊಳಗೆ, ಕೈಚುರುಕಿನ ಇನ್ನೊಬ್ಬ ಮಿತ್ರ ಅದರ ಹಿಂದೆಯೇ ಬಂದು, “ಕರೇಜಿನ ನೀರು ಸಿಹಿಯಾಗಿತ್ತೆಂದು ತಿಳಿದುಬರುತ್ತದೆ” ಎಂದು ಮಾಡಿಬಿಟ್ಟ. ವ್ಯಾಕರಣ ಶುದ್ಧವಾಯಿತು, ನಿಜ. ಆದರೆ ಆಯಿ ಎಲ್ಲಿ ಹೋದಳು? ನೀರನ್ನು ಕುಡಿದು ರುಚಿ ಹೇಳಿದ ಸಾಕ್ಷಿಯೇ ಲೇಖನದಿಂದ ಹೊರಬಿದ್ದಳು. ಊರವರ ಬಾಯಲ್ಲಿರುವ ‘ಸುರಂಗ ಬಾವಿ’ಯೂ ಹೋಯಿತು. ವಾಕ್ಯದಲ್ಲಿ ‘ನೀರ’ ಎಂಬಷ್ಟಕ್ಕೆ ಮಾತ್ರ ಅವನ ಕಾವಿ ಬಣ್ಣ ಉಳಿದು, ಮಿಕ್ಕುದೆಲ್ಲ ತಿದ್ದಿದವನ ಹಸಿರಾಯಿತು. ಔರಾದ ಗೆಳೆಯ ಏನೂ ಹೇಳದೆ ಕೈಕಟ್ಟಿ ಕುಳಿತ. ಆ ಸಂಜೆ ಅವನು ಮತ್ತೇನನ್ನೂ ಬರೆಯಲಿಲ್ಲ.

ಕಾಗದದ ಮೇಲೆ ತಿದ್ದುವಾಗ ಹೀಗಾಗುತ್ತಿರಲಿಲ್ಲ. ಬರೆದವನು ಮುಗಿಸಿ ಕೊಡುತ್ತಿದ್ದ. ತಿದ್ದುವವರು ಆಮೇಲೆ ತಿದ್ದುತ್ತಿದ್ದರು. ಕೆಂಪು ಗೀಟಿನ ಕೆಳಗೆ ಹಳೆಯ ಮಾತು ಕಾಣುತ್ತಲೇ ಇರುತ್ತಿತ್ತು. ಇಲ್ಲಿ ಯೋಚನೆ ಪೂರ್ತಿಯಾಗುವ ಮೊದಲೇ ತಿದ್ದುಪಡಿ ಬರುತ್ತದೆ. ಎಲ್ಲರಿಗೂ ಸಮಾನವಾದ ಹಾಳೆಯೆಂದು ಹೆಸರು. ನಡೆಯುವುದು ಬೇಗ ಬೆರಳಾಡಿಸುವವನ ಆಳ್ವಿಕೆ. ಉರ್ದು, ಮರಾಠಿ, ತೆಲುಗುಗಳೊಡನೆ ಬೆರೆತು ಬೆಳೆದ ನಮ್ಮ ಗಡಿನಾಡಿನ ಕನ್ನಡಕ್ಕೆ ಇದು ಹಗುರವಾದ ಅಪಾಯವಲ್ಲ. ‘ನಾಷ್ಟಾ’ ಬರೆದರೆ ‘ಉಪಾಹಾರ’, ‘ಖರೇ’ ಬರೆದರೆ ‘ನಿಜ’ ಎಂದು ಮಾಡಲು ಕೈಗಳು ಕಾದೇ ಇರುತ್ತವೆ.

ನಮ್ಮ ಜಿಲ್ಲೆಯ ಬಸವಕಲ್ಯಾಣದ ಶರಣರು ಇದನ್ನು ಬೇರೊಂದು ರೀತಿಯಲ್ಲಿ ಬಗೆಹರಿಸಿದ್ದರೆಂದು ನನಗೆ ತೋರುತ್ತದೆ. ವಚನದ ಕೊನೆಗೆ ಅಂಕಿತವಿರುತ್ತಿತ್ತು. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುವಿನದು ಗುಹೇಶ್ವರ. ಅಕ್ಕಿ ಆಯುತ್ತಿದ್ದ ಲಕ್ಕಮ್ಮನಿಗೂ ತನ್ನದೇ ಅಂಕಿತ. ಮುಂದೆ ಎಷ್ಟೋ ಓಲೆಗರಿಗಳಲ್ಲಿ ಎಷ್ಟೋ ಕೈಗಳು ಪ್ರತಿ ಮಾಡಿದರೂ ಆ ಅಂಕಿತ ಮಾತಿನೊಳಗೇ ಹೆಣೆದುಕೊಂಡು ಬಂದಿತು. ಈಥರ್‌ಪ್ಯಾಡಿನ ಬಣ್ಣವಾದರೋ ಮೇಲೆ ಬಳಿದದ್ದು. ಅದನ್ನೆಲ್ಲ ಒಮ್ಮೆಗೇ ಒರೆಸಲು ಒಂದು ಗುಂಡಿಯನ್ನೂ ಇಟ್ಟಿದ್ದಾರೆ.

ಸಾಧನವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದರಲ್ಲಿಯೇ ಕಾಲಪಟ್ಟಿಯೊಂದುಂಟು, ಜಾರಿಸುತ್ತ ಹಿಂದಕ್ಕೆ ಹೋದರೆ ಒಂದೊಂದು ಬದಲಾವಣೆಯೂ ಮರಳಿ ಕಾಣುತ್ತದೆ. ಆಯಿಯ ವಾಕ್ಯವನ್ನು ನಾವು ಅಲ್ಲಿಂದಲೇ ಹುಡುಕಿ ತಂದೆವು. ಈ ಸಂಚಿಕೆಯ ಲೇಖನದಲ್ಲಿ ಅದು ಅವಳ ಮಾತಿನಲ್ಲಿಯೇ ಇದೆ. ಆದರೆ ಪಟ್ಟಿಯನ್ನು ಹಿಂದಕ್ಕೆಳೆದು ನೋಡುವ ವ್ಯವಧಾನ ಎಷ್ಟು ಜನರಿಗಿದ್ದೀತು? ಆದಕಾರಣ ಮುಂದಿನ ವರ್ಷದ ಸಂಪಾದಕ ಸಮಿತಿಗೆ ನನ್ನ ಬಿನ್ನಹವಿಷ್ಟೆ: ಮೊದಲ ಒಂದು ಗಂಟೆ ಯಾರೂ ಮತ್ತೊಬ್ಬರ ಸಾಲನ್ನು ಮುಟ್ಟಬಾರದು. ಮುಟ್ಟಬೇಕೆನಿಸಿದರೆ ಬದಿಯ ಮಾತುಕತೆಯ ಅಂಕಣದಲ್ಲಿ ಕೇಳಬೇಕು. ಬರೆದವರು ಒಪ್ಪುವವರೆಗೂ ಬಣ್ಣ ಒರೆಸುವ ಗುಂಡಿಯ ಹತ್ತಿರ ಯಾರ ಕೈಯೂ ಹೋಗಬಾರದು. ಔರಾದ ಗೆಳೆಯ ಮುಂದಿನ ವರ್ಷವೂ ನಮ್ಮೊಡನೆ ಬರೆಯಲು ಒಪ್ಪಿದ್ದಾನೆ, ಈ ಷರತ್ತುಗಳ ಮೇಲೆ.