ಎರಡು ಗುಡ್ಡ, ನಡುವೆ ಸೂರ್ಯ

ಒಂದು ಹಾಳೆ ತಗೊಂಡು ಮನಸ್ಸಿಗೆ ಬಂದ ಚಿತ್ರ ಬಿಡಿಸಿ ನೋಡೋಣ. ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು, ಪಕ್ಕದಲ್ಲಿ ತೆಂಗಿನಮರ. ಸರಿ ತಾನೆ? ಮಂಗಳೂರಿನ ಹುಡುಗಿ ದಿನಾ ಸೂರ್ಯ ಸಮುದ್ರದಲ್ಲಿ ಮುಳುಗೋದನ್ನೇ ನೋಡ್ತಾಳೆ. ಹಾಳೆ ಮೇಲೆ ಮಾತ್ರ ಗುಡ್ಡದ ಸಂದಿ. ಯಾಕಂದ್ರೆ ಟೀಚರ್ ಬೋರ್ಡ್ ಮೇಲೆ ಬಿಡಿಸಿದ್ದು ಅದನ್ನೇ.

ಟೀಚರನ್ನ ಬೈಯೋದು ಸುಲಭ. ಅವರಿಗೆ ಕಲಿಸಿದ್ದೇನು? ಪಿಯುಸಿ ಆದ್ಮೇಲೆ ಎರಡು ವರ್ಷದ ಡಿ.ಎಲ್.ಇಡಿ. ಅದರಲ್ಲಿ ಕಲಾ ಶಿಕ್ಷಣ ಇಲ್ಲ ಅಂತಲ್ಲ. ಆದ್ರೆ ಬಹಳ ಕಡೆ ಅದು ರೆಕಾರ್ಡ್ ಪುಸ್ತಕ, ಥರ್ಮೋಕೋಲ್ ಮಾಡೆಲ್, ಗ್ಲಿಟರ್ ಹಚ್ಚಿದ ಚಾರ್ಟಿಗೆ ಮುಗಿದುಹೋಗತ್ತೆ. ಆಮೇಲೆ ಟಿಇಟಿ. ಒಂದರಿಂದ ಐದನೇ ಕ್ಲಾಸಿಗೆ ಪಾಠ ಮಾಡೋರ ಪತ್ರಿಕೆಯಲ್ಲಿ 150 ಪ್ರಶ್ನೆ: ಶಿಶು ವಿಕಾಸ, ಎರಡು ಭಾಷೆ, ಗಣಿತ, ಪರಿಸರ ಅಧ್ಯಯನ, ತಲಾ 30. ಕಲೆಗೆ ಸೊನ್ನೆ. (ಅದಕ್ಕೂ 30 ಪ್ರಶ್ನೆ ಸೇರಿಸಿ ಅಂತ ಕೇಳ್ತಿಲ್ಲ ಮಾರಾಯ್ರೇ, ಪ್ರಾಥಮಿಕ ಬಣ್ಣ ಯಾವುದು ಅಂತ ನಾಲ್ಕು ಆಯ್ಕೆ ಕೊಟ್ಟು ಕೂರಿಸ್ತಾರೆ!)

2009ರ ಶಿಕ್ಷಣ ಹಕ್ಕು ಕಾಯ್ದೆ ಕಲೆಗೆ ಅರೆಕಾಲಿಕ ಶಿಕ್ಷಕರು ಬೇಕು ಅನ್ನೋದು ಆರರಿಂದ ಎಂಟನೇ ತರಗತಿಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿದ್ರೆ. ಚಿಕ್ಕವರಿಗೆ ಕ್ಲಾಸ್ ಟೀಚರೇ ಎಲ್ಲ. ಅದು ಒಳ್ಳೇದೇ, ನನ್ನ ಪ್ರಕಾರ. ನಮ್ಮ ನಲಿ-ಕಲಿಯಲ್ಲೇ ಎಷ್ಟೊಂದು ಹಾಡು, ಕಥೆ, ಆಟ ಇದೆ. ಹಾಡೋಕೆ ನಾಚೋ ಟೀಚರ್ ಕೈಗೆ ಸಿಕ್ಕಿದ್ರೆ ನಲಿಯೂ ಇಲ್ಲ, ಬರೀ ಕಾರ್ಡು.

"ಮೊದಲು ಓದೋಕೆ, ಲೆಕ್ಕ ಮಾಡೋಕೆ ಬರ್ಲಿ" ಅಂತೀರಿ. ವೀಕೆಂಡ್ ಪಾಟರಿ ಕ್ಲಾಸಿಗೆ ಸಾವಿರಗಟ್ಟಲೆ ಸುರಿಯೋ ನಾವೇ ಅನ್ನೋ ಮಾತು ಇದು. ಆರು ವರ್ಷದ ಮಗು ಮೇಕೆ ಬಿಡಿಸಿ "ಇದಕ್ಕೆ ಹೊಟ್ಟೆನೋವು" ಅನ್ನತ್ತೆ. ಆ ಮಾತನ್ನ ಚಿತ್ರದ ಕೆಳಗೆ ಬರೆದುಕೊಟ್ರೆ ಅದೇ ಮಗು ಓದೋ ಮೊದಲ ವಾಕ್ಯ. ಆದ್ರೆ ಮೇಕೆಗೆ ಐದು ಕಾಲಿದೆ ಅಂತ "ತಪ್ಪು, ಅಳಿಸು" ಅನ್ನದೇ ಇರೋಕೂ ತರಬೇತಿ ಬೇಕು. ಅದು ಉಪನ್ಯಾಸ ಕೇಳಿ ಬರೋದಲ್ಲ. ತಾವೇ ಕೂತು ಸೊಟ್ಟಪಟ್ಟ ಮೇಕೆ ಬಿಡಿಸಿದವರಿಗೆ ಬರತ್ತೆ.

ವಾರಕ್ಕೊಂದು ಇಡೀ ಮಧ್ಯಾಹ್ನ ಕೊಡಿ, ಎರಡೂ ವರ್ಷ. ಜೇಡಿಮಣ್ಣು, ಗೊಂಬೆ, ಹಾಡು. ಊರಿನ ಡೊಳ್ಳಿನವರನ್ನ, ಸೋಬಾನೆ ಹಾಡೋ ಅಜ್ಜಿಯನ್ನ ಕರೆಸಿ. ಶಾಲು ಹೊದಿಸಿ ಕಳಿಸೋದಲ್ಲ, ಗೆಸ್ಟ್ ಲೆಕ್ಚರರಿಗೆ ಕೊಡೋ ಸಂಭಾವನೆ ಕೊಟ್ಟು. ಅಂಕ ಕೊಡಲೇಬೇಕಾ? ರೆಕಾರ್ಡ್ ಪಕ್ಕಕ್ಕಿಟ್ಟು, ಇಂಟರ್ನ್‌ಶಿಪ್ಪಲ್ಲಿ ಮಕ್ಕಳು ಬಿಡಿಸಿದ ಮೂವತ್ತು ಹಾಳೆ ತರಿಸಿ. ಮೂವತ್ತೂ ಬೇರೆ ಬೇರೆ ಇದ್ರೆ ಪಾಸ್ ಮಾಡಿ.