ಮೂಲಪ್ರತಿ ಮತ್ತು ನಕಲು

ಈ ಅಂಕಣದಲ್ಲಿ ಗ್ರಂಥವಿಚಾರವನ್ನೇ ನಿರೀಕ್ಷಿಸುವ ಶರಣಬಂಧುಗಳು ಈ ಸಲ ನಮ್ಮನ್ನು ಮನ್ನಿಸಬೇಕು. ಆಟಿಕೆಯೊಂದರ ವಿಚಾರ ಬರೆಯಲು ಹೊರಟಿದ್ದೇವೆ. ಗ್ರಂಥವಿಚಾರವೂ ಅದರೊಳಗೇ ಬರುತ್ತದೆ.

ಕಳೆದ ದಸರೆಯ ರಜೆಯಲ್ಲಿ ಹನ್ನೊಂದು ವರ್ಷದ ಮೊಮ್ಮಗನ ಹುಟ್ಟುಹಬ್ಬ ಬಂದಿತು. ಬಿಡಿಭಾಗಗಳನ್ನು ಜೋಡಿಸಿ ನಿಲ್ಲಿಸುವ ಯಂತ್ರಮಾನವನ ಬೊಂಬೆಯ ಮೇಲೆ ಅವನಿಗೆ ಆಸೆಯಿದೆಯೆಂದು ಸೊಸೆಯಿಂದ ತಿಳಿದು, ಜೆ.ಪಿ. ನಗರದ ನಮ್ಮ ಮನೆಯಿಂದ ಜಯನಗರದ ನಾಲ್ಕನೆಯ ಬ್ಲಾಕಿಗೆ ಹೋಗಿ, ರಸ್ತೆಬದಿಯ ಅಂಗಡಿಯೊಂದರಲ್ಲಿ ಪೆಟ್ಟಿಗೆಯೊಂದನ್ನು ಕೊಂಡು ತಂದೆವು. ಹೇಳಿದ ಬೆಲೆ 450 ರೂಪಾಯಿ. ಚೌಕಾಸಿ ಮಾಡಿ 350ಕ್ಕೆ ಇಳಿಸಿದ ಹೆಮ್ಮೆಯೂ ಜೊತೆಗಿತ್ತು. ಹುಡುಗ ಕಾಲಿಗೆರಗಿ, “ಚೆನ್ನಾಗಿದೆ ತಾತ” ಎಂದ. ನಾಲ್ಕು ದಿನಗಳ ಬಳಿಕ ನೋಡಿದರೆ ಪೆಟ್ಟಿಗೆ ಬಿಚ್ಚದೆ ಮಂಚದ ಕೆಳಗಿತ್ತು. ಕೇಳಿದಾಗ ತಲೆ ತಗ್ಗಿಸಿ, “ಅದು ಡೂಪ್ಲಿಕೇಟ್ ತಾತ. ಫ್ರೆಂಡ್ಸ್ ನೋಡಿದ್ರೆ ನಗ್ತಾರೆ. ನಿಮಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ” ಎಂದ.

ನಮಗೆ ನೋವಾದುದು ದಿಟ. ಆದರೆ ಅದಕ್ಕಿಂತ ಹೆಚ್ಚಾಗಿ ಕಾಡಿದುದು, ನಮ್ಮ ಮನಸ್ಸನ್ನು ಕಾಯುವುದಕ್ಕಾಗಿ ಆ ಮಗು ನಾಲ್ಕು ದಿನ ಒಂದು ಸುಳ್ಳನ್ನು ಹೊತ್ತು ತಿರುಗಿತಲ್ಲ ಎಂಬುದು.

ಮೂಲ ಯಾವುದೆಂದು ಅವನೇ ತಿಳಿಸಿದ. ಜಪಾನಿನಲ್ಲಿ 1979ರಲ್ಲಿ ‘ಗಂಡಮ್’ ಎಂಬ ಯಂತ್ರಮಾನವನ ದೂರದರ್ಶನ ಮಾಲಿಕೆ ಆರಂಭವಾಯಿತು. ನೋಡುವವರಿಲ್ಲವೆಂದು, 52 ಕಂತು ಆಗಬೇಕಿದ್ದುದನ್ನು 43ಕ್ಕೇ ಮುಗಿಸಿದರಂತೆ. ಮುಗಿದ ಮೇಲೆ, 1980ರ ಜುಲೈಯಲ್ಲಿ, ಬಂಡಾಯ್ ಎಂಬ ಸಂಸ್ಥೆ (ನಮ್ಮ ಕಿವಿಗೆ ಮೊದಲು ‘ಬಂಡಾಯ’ವೆಂದೇ ಕೇಳಿಸಿತು) 300 ಯೆನ್ ಬೆಲೆಗೆ ಅದರ ಜೋಡಣೆಯ ಬೊಂಬೆಯನ್ನು ಹೊರತಂದಿತು, ಅದು ಜಗತ್ತನ್ನೇ ಸುತ್ತಿತು. ಕಥೆಯಲ್ಲಿ ಆ ಯಂತ್ರದ ಎತ್ತರ 18 ಮೀಟರು. ಬೊಂಬೆ ಅದರ 144ರಲ್ಲಿ ಒಂದು ಭಾಗ, ಅಂದರೆ ಹನ್ನೆರಡೂವರೆ ಸೆಂಟಿಮೀಟರು.

ನಾವು ತಂದ ಪೆಟ್ಟಿಗೆಯ ಮೇಲೆ ತಯಾರಕರ ಹೆಸರಿರಲಿಲ್ಲ; ಬೊಂಬೆಯ ಹೆಸರಿನಲ್ಲಿ ಒಂದಕ್ಷರ ಬದಲಾಗಿತ್ತು. ಐ.ಎಸ್.ಐ. ಮುದ್ರೆಯೂ ಇರಲಿಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಆ ಮುದ್ರೆ ಕಡ್ಡಾಯ. ಮನೆಯ ಹಿರಿಯರು ಕೊಳ್ಳುವ ಮೊದಲೇ ನೋಡಬೇಕಾದುದನ್ನು ನಾವು ಕೊಂಡ ಮೇಲೆ ನೋಡಿದೆವು.

“ಬಿಸಾಡೋಣವೇನಪ್ಪ?” ಎಂದೆವು. “ಬೇಡ ತಾತ, ನೀವು ತಂದಿದ್ದು” ಎಂದ. ಹಾಗಿದ್ದರೆ ಇಬ್ಬರೂ ಕೂಡಿ ಕಟ್ಟೋಣವೆಂದು ಸಂಜೆಯ ಪೂಜೆ ಮುಗಿಸಿ ಹಜಾರದಲ್ಲಿ ಹಳೆಯ ಪತ್ರಿಕೆ ಹಾಸಿ ಕುಳಿತೆವು. ಹೀಗೆ ಐದು ಸಂಜೆಗಳು.

ಬಿಡಿಭಾಗಗಳೆಲ್ಲ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಅವನ್ನು ಒಂದೇ ಏಟಿಗೆ ಬುಡಕ್ಕೆ ಕತ್ತರಿಸಬಾರದು. ಮೊದಲು ತುಸು ದೂರದಲ್ಲಿ ಕತ್ತರಿಸಿ ಬಿಡಿಸಿಕೊಂಡು, ಅನಂತರ ಉಳಿದ ಮೊಳಕೆಯನ್ನು ತೆಗೆದು ಉಜ್ಜಬೇಕು. ಅವಸರಪಟ್ಟರೆ ಬಣ್ಣ ಬಿಳಿಚಿ ಗಾಯದ ಗುರುತು ಉಳಿಯುತ್ತದೆ. ಮೂಲದಲ್ಲಿ ಇಂದು ಅಂಟು ಬೇಕಿಲ್ಲ, ಗೂಟ ಕುಳಿಯೊಳಗೆ ತಾನಾಗಿ ಕೂರುತ್ತದೆಂದು ಹುಡುಗ ಹೇಳಿದ. ನಮ್ಮದರಲ್ಲಿ ಎಡದೋಳು ಒಳಹೋಗಲೊಲ್ಲದು, ಬಲದೋಳು ನಿಲ್ಲಲೊಲ್ಲದು. ಸೂಚನೆಯ ಹಾಳೆಯಲ್ಲಿ ಎರಡು ಸಂಖ್ಯೆಗಳು ಅದಲುಬದಲು.

ಅಲ್ಲಿ ನಮಗೆ ಮಠದ ಪಾಠಶಾಲೆಯ ದಿನಗಳು ನೆನಪಾದವು. ಗುರುಗಳ ಅಪ್ಪಣೆಯಂತೆ ಓಲೆಗರಿಯ ಕಟ್ಟುಗಳನ್ನು ಕಾಗದಕ್ಕೆ ಪ್ರತಿಮಾಡುತ್ತಿದ್ದೆವು. ಲಿಪಿಕಾರನೊಬ್ಬ ಒಂದಕ್ಷರ ಬಿಟ್ಟರೆ, ಅವನ ಪ್ರತಿಯನ್ನು ನೋಡಿ ಬರೆದವನು ಅರ್ಥ ಕೂಡಿಸಲು ಇನ್ನೊಂದಕ್ಷರ ಸೇರಿಸುತ್ತಾನೆ. ಮೂರನೆಯವನಿಗೆ ತಲುಪುವುದೇ ಬೇರೆ ಪಾಠ. ಪ್ಲಾಸ್ಟಿಕ್ಕಿಗೂ ಇದೇ ಗತಿ. ಕಾಯಿಸಿ ಅಚ್ಚಿಗೆ ಒತ್ತಿದ ಪ್ಲಾಸ್ಟಿಕ್ ಆರುವಾಗ ನೂರಕ್ಕೆ ಅರ್ಧದಷ್ಟು ಕುಗ್ಗುತ್ತದೆ. ಮೂಲದವರು ಈ ಕುಗ್ಗುವಿಕೆಯನ್ನು ಲೆಕ್ಕಹಾಕಿಯೇ ಅಚ್ಚನ್ನು ಕೊರೆಯುತ್ತಾರೆ. ಸಿದ್ಧಭಾಗವನ್ನೇ ಅಳೆದು ಅಚ್ಚು ಮಾಡಿದರೆ, ಒಮ್ಮೆ ಕುಗ್ಗಿದ್ದು ಮತ್ತೊಮ್ಮೆ ಕುಗ್ಗುತ್ತದೆ. ಅದೂ ಸಮವಾಗಿ ಅಲ್ಲ, ದಪ್ಪವಿದ್ದೆಡೆ ಹೆಚ್ಚು, ತೆಳುವಿದ್ದೆಡೆ ಕಡಿಮೆ. ಗೂಟಕ್ಕೂ ಕುಳಿಗೂ ವೈಮನಸ್ಯ ಹುಟ್ಟುವುದು ಹೀಗೆ.

“ಹಾಗಾದ್ರೆ ನೀವು ಓದಿದ್ದೂ ಡೂಪ್ಲಿಕೇಟೇನಾ ತಾತ?” ಎಂದು ಹುಡುಗ ಕೇಳಿಬಿಟ್ಟ.

ಉತ್ತರಿಸಲು ತುಸು ಹೊತ್ತು ಬೇಕಾಯಿತು. ಹನ್ನೆರಡನೆಯ ಶತಮಾನದ ಶರಣರ ಸ್ವಹಸ್ತದ ಪ್ರತಿ ಒಂದೂ ನಮಗೆ ಉಳಿದು ಬಂದಿಲ್ಲ. ಫ.ಗು. ಹಳಕಟ್ಟಿಯವರು ಕಟ್ಟುಗಳನ್ನು ಹುಡುಕಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚುಹಾಕಿಸಿದಾಗ ಅವರ ಮುಂದಿದ್ದುವೂ ಪ್ರತಿಗಳ ಪ್ರತಿಗಳೇ. ನಕಲು ಮಾಡಿದವರಿಲ್ಲದಿದ್ದರೆ ನಮಗೆ ವಚನಗಳೇ ಇರುತ್ತಿರಲಿಲ್ಲ. ಆದರೆ ಆ ಲಿಪಿಕಾರರು ಗ್ರಂಥದ ಕೊನೆಯಲ್ಲಿ ಸಂವತ್ಸರ, ತಿಥಿ, ತಮ್ಮ ಹೆಸರು, ಯಾರಿಗಾಗಿ ಬರೆದುದೆಂಬುದು ಇವನ್ನೆಲ್ಲ ನಮೂದಿಸಿ, ತಪ್ಪುಗಳಿದ್ದರೆ ತಿದ್ದಿಕೊಳ್ಳಿರೆಂದು ಓದುವವರನ್ನು ಬೇಡಿಕೊಳ್ಳುತ್ತಿದ್ದರು. ತಾನೇ ಕವಿಯೆಂದು ಹೇಳಿಕೊಳ್ಳುವ ಲಿಪಿಕಾರ ನಮಗೆ ಕಂಡಿಲ್ಲ. ಇದನ್ನೇ ಅವನಿಗೆ ಹೇಳಿದೆವು. ಹುಡುಗ ಖಾಲಿ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

ನಾಲ್ಕನೆಯ ಸಂಜೆ ನಮ್ಮಿಂದಲೇ ಅಪಚಾರವಾಯಿತು. ಸೊಂಟದ ಗೂಟ ಕೂರಲಿಲ್ಲವೆಂದು ಬಲವಾಗಿ ಒತ್ತಿದೆವು, ಟಕ್ಕೆಂದು ಮುರಿಯಿತು. ಗೂಟದ ತುದಿಯನ್ನು ತುಸು ಓರೆಯಾಗಿ ಕೆತ್ತಿದ್ದರೆ ಸಾಕಾಗಿತ್ತು. ಹುಡುಗ ಬೇಸರಪಡಲಿಲ್ಲ. ಗುಂಡುಸೂಜಿಯನ್ನು ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಕಾಯಿಸಿ, ಮುರಿದ ಎರಡು ತುಂಡುಗಳಲ್ಲಿಯೂ ರಂಧ್ರ ಮಾಡಿ, ನಡುವೆ ಸೂಜಿಯ ತುಂಡನ್ನೇ ಎಲುಬಾಗಿ ಇಟ್ಟು ಕೂಡಿಸಿದೆವು. ಸಡಿಲವಾಗಿದ್ದ ಬಲದೋಳಿನ ಗುಂಡಿಗೆ ಸೊಸೆಯ ನೇಲ್ ಪಾಲಿಷನ್ನು ಎರಡು ಪದರ ಹಚ್ಚಿ ರಾತ್ರಿಯಿಡೀ ಒಣಗಿಸಿದಾಗ, ಗುಂಡು ದಪ್ಪವಾಗಿ ಬಿಗಿಯಾಯಿತು. ಇವೆರಡೂ ಹುಡುಗನ ಉಪಾಯಗಳು. ಐದನೆಯ ಸಂಜೆ ಬೊಂಬೆ ಎದ್ದು ನಿಂತಿತು, ತುಸು ಎಡಕ್ಕೆ ವಾಲಿ.

ಮರುದಿನ ಅವನು ರಟ್ಟಿನ ತುಂಡೊಂದನ್ನು ಬೊಂಬೆಯ ಪಾದದ ಬಳಿ ಅಂಟಿಸಿದ್ದ. ಅದರ ಮೇಲೆ ತನ್ನ ಕೈಬರಹದಲ್ಲಿ ಹೀಗೆ ಬರೆದಿದ್ದ: “ಮೂಲ: ಜಪಾನಿನ ಗಂಡಮ್. ಇದು ನಕಲು. ಜೋಡಿಸಿದವರು ನಾನು ಮತ್ತು ತಾತ. ಸೊಂಟ ಮುರಿದವರು ತಾತ. ತಪ್ಪಿದ್ದರೆ ತಿದ್ದಿ.”

ಆ ಶನಿವಾರ ಬನಶಂಕರಿಯಿಂದ ಅವನ ಸಹಪಾಠಿ ಬಂದಿದ್ದ. ಮನೆಯಲ್ಲಿ ಅಸಲಿ ಬೊಂಬೆಯಿರುವ ಹುಡುಗ. ನಾವು ಪಕ್ಕದ ಕೋಣೆಯಲ್ಲಿ ಕಿವಿಗೊಟ್ಟು ಕುಳಿತಿದ್ದೆವು. ರಟ್ಟನ್ನು ಗಟ್ಟಿಯಾಗಿ ಓದಿ ಒಮ್ಮೆ ನಕ್ಕ. ಬಳಿಕ ಬೊಂಬೆಯನ್ನು ಕೈಗೆತ್ತಿಕೊಂಡನೆಂದು ತೋರುತ್ತದೆ. ಗುಂಡುಸೂಜಿಯನ್ನು ಎಷ್ಟು ಹೊತ್ತು ಕಾಯಿಸಿದಿರೆಂದು ಕೇಳುತ್ತಿದ್ದ.