ನೆಲೆ ತಪ್ಪಿದವರ ಮಕ್ಕಳೂ ಮಾತಿನ ಶಕ್ತಿಯೂ

ಮನೆಯ ಬಾಗಿಲಿಗೆ ಬಂದ ನಿರ್ಗತಿಕನಿಗೆ ತುತ್ತು ಅನ್ನವಿಕ್ಕುವುದು ನಮ್ಮ ಗೃಹಸ್ಥರ ಹಿಂದಿನಿಂದ ಬಂದ ಧರ್ಮವು. ಆದರೆ ಅನ್ನವಿಕ್ಕಿದ ಮೇಲೆ ಆತನ ಕಷ್ಟವನ್ನು ಆತನ ಬಾಯಿಂದಲೇ ಕೇಳಿ ತಿಳಿಯುವವರು ವಿರಳ. ಊರುಬಿಟ್ಟು ಬಂದವರ ಪರವಾಗಿ ತಾವೇ ಮಾತನಾಡುವ ದಯಾಳುಗಳು ಅನೇಕರುಂಟು. ಅವರ ಮಕ್ಕಳು ಎದ್ದುನಿಂತು ತಮ್ಮ ಮಾತನ್ನು ತಾವೇ ಆಡುವಂತೆ ಮಾಡುವವರು ಎಷ್ಟು ಮಂದಿ? ಈ ತಿಂಗಳು ವಾಚಕರೊಡನೆ ಈ ವಿಷಯವನ್ನು ವಿಚಾರಮಾಡಬೇಕೆಂದಿದ್ದೇವೆ.

ಇದಕ್ಕೆ ದೃಷ್ಟಾಂತವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಕುಶಾಲನಗರದ ಬಳಿ ಕಾವೇರಿಯನ್ನು ದಾಟಿ ಪಿರಿಯಾಪಟ್ಟಣದ ಸೀಮೆಗೆ ಬಂದರೆ ಬೈಲಕುಪ್ಪೆಯು ಸಿಕ್ಕುವುದು. ೧೯೫೯ರ ಮಾರ್ಚಿ ತಿಂಗಳಲ್ಲಿ ದಲಾಯಿ ಲಾಮಾರವರು ಲಾಸಾ ನಗರವನ್ನು ಬಿಟ್ಟು ಭಾರತಕ್ಕೆ ಬಂದರು. ಅವರನ್ನನುಸರಿಸಿ ಸುಮಾರು ೮೦,೦೦೦ ಮಂದಿ ಟಿಬೇಟಿಯನ್ನರು ಹಿಮಾಲಯವನ್ನು ದಾಟಿದರು. ಅಂದಿನ ಮೈಸೂರು ಸರ್ಕಾರವು ಬೈಲಕುಪ್ಪೆಯಲ್ಲಿ ಸುಮಾರು ೩,೦೦೦ ಎಕರೆ ಕಾಡುನೆಲವನ್ನು ಅವರಿಗೆ ಬಿಟ್ಟುಕೊಟ್ಟಿತು. ಹಿಮದ ನಾಡಿನವರು ನಮ್ಮ ಬಿಸಿಲಿನಲ್ಲಿ ಮರ ಕಡಿದು, ಆನೆಗಳ ಕಾಟವನ್ನು ಸಹಿಸಿ, ಹೊಲ ಮಾಡಿದರು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಸೀಮೆಗಳಲ್ಲಿಯೂ ಅವರ ವಸತಿಗಳಾದವು.

ಗುಡಿಸಲು, ಅನ್ನ, ಔಷಧಗಳಿಗೇ ಪರದಾಡುತ್ತಿದ್ದ ಆ ದಿನಗಳಲ್ಲಿಯೇ ಅವರ ಹಿರಿಯರು ಇನ್ನೊಂದು ಕಾರ್ಯವನ್ನು ಕೈಗೊಂಡರೆಂಬುದು ಗಮನಿಸತಕ್ಕ ಸಂಗತಿಯು. ೧೯೬೦ರ ಸೆಪ್ಟೆಂಬರ್ ೨ರಂದು ಅವರ ಪ್ರಥಮ ಜನಪ್ರತಿನಿಧಿಗಳು ಪ್ರಮಾಣವಚನವನ್ನು ಸ್ವೀಕರಿಸಿದರು. ಬಡತನ ತೀರಿದ ಮೇಲೆ ನೋಡೋಣವೆಂದು ಅವರು ಕಾಯಲಿಲ್ಲ. ಮಕ್ಕಳಿಗೆ ಶಾಲೆಗಳಾದವು. ೧೯೭೦ರಲ್ಲಿ ತರುಣರು ತಮ್ಮದೇ ಯುವಜನ ಕಾಂಗ್ರೆಸ್ಸನ್ನು ಸ್ಥಾಪಿಸಿಕೊಂಡರು. ೧೯೯೧ರ ಅವರ ಶಾಸನದಂತೆ ೧೮ ವರ್ಷ ತುಂಬಿದವರಿಗೆ ಮತಾಧಿಕಾರವೂ ೨೫ ವರ್ಷ ತುಂಬಿದವರಿಗೆ ಪ್ರತಿನಿಧಿಸ್ಥಾನಕ್ಕೆ ನಿಲ್ಲುವ ಹಕ್ಕೂ ದೊರೆತವು. ಹೀಗೆ ಸಭೆ ಸೇರುವುದು, ಮತ ಹಾಕುವುದು, ಸೋತರೆ ಒಪ್ಪಿಕೊಳ್ಳುವುದು ಇವೆಲ್ಲವೂ ಎಳೆಯರಿಗೆ ರೂಢಿಯಾದವು.

ಇದರ ಫಲವನ್ನು ನೋಡಿರಿ. ೧೯೬೭ರಲ್ಲಿ ಬೈಲಕುಪ್ಪೆಯ ನಿರಾಶ್ರಿತರ ಮನೆಯೊಂದರಲ್ಲಿ ಹುಟ್ಟಿ, ಅಲ್ಲಿಯ ಶಾಲೆಯಲ್ಲಿಯೇ ಓದಿ, ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಅರ್ಥಶಾಸ್ತ್ರವನ್ನು ಅಭ್ಯಸಿಸಿದ ಪೆನ್ಪಾ ತ್ಸೆರಿಂಗರು ವಿದ್ಯಾರ್ಥಿದೆಸೆಯಲ್ಲಿಯೇ ಸಂಘಗಳ ಕಾರ್ಯದರ್ಶಿಯಾಗಿ ದುಡಿದರು. ಅನಂತರ ಟಿಬೇಟಿಯನ್ ಸಂಸತ್ತಿನ ಅಧ್ಯಕ್ಷರಾದರು. ೨೦೨೧ರಲ್ಲಿ ತಮ್ಮ ಜನರ ಮತದಿಂದಲೇ ಅವರ ಆಡಳಿತದ ಮುಖ್ಯಸ್ಥರಾದರು. ದೊಡ್ಡ ಪೀಠಕ್ಕೆ ಬೇಕಾದ ಅಭ್ಯಾಸವು ಸಣ್ಣ ಸಂಘದ ಲೆಕ್ಕಪತ್ರದಲ್ಲಿ ಆರಂಭವಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ನಾಯಕತ್ವವೆಂದರೆ ಪದವಿಯೊಂದೇ ಅಲ್ಲ. ನ್ಯಾಯವಾದ ಬೇಡಿಕೆಯನ್ನು ಅಧಿಕಾರಿಗಳ ಮುಂದೆ ಕ್ರಮವಾಗಿ ಮಂಡಿಸುವ ಜಾಣ್ಮೆಯೂ ಅದರ ಒಂದು ಅಂಗವು. ನಾಮ್‌ಗ್ಯಾಲ್ ಡೋಲ್ಕರ್ ಎಂಬ ತರುಣಿಯು ೧೯೮೬ರಲ್ಲಿ ಭಾರತದಲ್ಲಿಯೇ ಹುಟ್ಟಿದವಳು. ಆಕೆಯು ಪಾಸ್‌ಪೋರ್ಟನ್ನು ಕೇಳಿದಾಗ, ನೀನು ಭಾರತದ ಪ್ರಜೆಯಲ್ಲವೆಂಬ ಉತ್ತರ ಬಂದಿತು. ಆಕೆಯು ಅತ್ತು ಮನೆಯಲ್ಲಿ ಕುಳಿತುಕೊಳ್ಳಲಿಲ್ಲ, ಬೀದಿಯಲ್ಲಿ ಕೂಗಾಡಲೂ ಇಲ್ಲ. ೧೯೫೦ರ ಜನವರಿ ೨೬ರಿಂದ ಮೊದಲ್ಗೊಂಡು ೧೯೮೭ರ ಜುಲೈ ೧ಕ್ಕೆ ಮುಂಚೆ ಈ ದೇಶದಲ್ಲಿ ಹುಟ್ಟಿದವರು ಜನ್ಮದಿಂದಲೇ ಪ್ರಜೆಗಳೆಂದು ಪೌರತ್ವದ ಕಾಯಿದೆಯು ಹೇಳುತ್ತಿದ್ದುದನ್ನು ಹಿಡಿದು ದೆಹಲಿಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದಳು. ೨೦೧೦ರ ಡಿಸೆಂಬರಿನಲ್ಲಿ ತೀರ್ಪು ಆಕೆಯ ಪರವಾಗಿ ಬಂದಿತು. ೨೦೧೩ರಲ್ಲಿ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅದೇ ಅಭಿಪ್ರಾಯವನ್ನು ತಳೆಯಿತು. ಮರುವರ್ಷ ಅಂಥವರನ್ನು ಮತದಾರರ ಪಟ್ಟಿಗೆ ಸೇರಿಸಿಕೊಳ್ಳಬೇಕೆಂದು ಚುನಾವಣಾ ಆಯೋಗವು ಸೂಚಿಸಿತು. ಇಪ್ಪತ್ತನಾಲ್ಕು ವಯಸ್ಸಿನ ಒಬ್ಬ ಹುಡುಗಿಯು ತನಗಾಗಿ ತೆರೆಯಿಸಿದ ಬಾಗಿಲು ಸಾವಿರಾರು ಮಂದಿಗೆ ದಾರಿಯಾಯಿತು. ಆ ದಿನಾಂಕದ ಅನಂತರ ಹುಟ್ಟಿದವರಿಗೆ ಮಾತ್ರ ಆ ಬಾಗಿಲು ಅಷ್ಟು ಸುಲಭವಾಗಿ ತೆರೆಯದು. ಅವರ ಪಾಲಿನ ವಾದವನ್ನು ಅವರೇ ಹೂಡಬೇಕಾಗಿದೆ.

ಬೇರೊಬ್ಬರ ನೆಲದಲ್ಲಿ ಇರುವವರಿಗೆ ಇಷ್ಟೊಂದು ಮಾತು ಕಲಿಸಿದರೆ ಅವರು ಉದ್ಧಟರಾಗಲಾರರೇ ಎಂದು ಕೆಲವರು ಶಂಕಿಸುವುದುಂಟು. ನಮ್ಮ ಅಭಿಪ್ರಾಯವು ಇದಕ್ಕೆ ವಿರುದ್ಧವಾಗಿದೆ. ಮಾತು ಬಾರದವನ ಕಷ್ಟವು ಒಳಗೊಳಗೇ ಕುದಿದು ಒಂದು ದಿನ ಕ್ರೋಧವಾಗಿ ಹೊರಬೀಳುವುದು. ಮಾತು ಬಲ್ಲವನು ಕಾಗದವನ್ನು ಹಿಡಿದು ಕಚೇರಿಗೆ ಹೋಗುವನು. ನೆರೆಯ ಊರಿನವನಿಗೆ ಯಾವುದು ಲಾಭ?

ಇನ್ನು ನಮ್ಮ ಮನೆಗಳ ಸಮೀಪಕ್ಕೆ ಬರೋಣ. ರಾಯಚೂರು, ಯಾದಗಿರಿ, ಕಲಬುರಗಿಯ ಸೀಮೆಗಳಿಂದ ಗುಳೆ ಬಂದು ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುವ ಸಂಸಾರಗಳು ಎಷ್ಟೋ ಇವೆ. ಇವರು ನಿರಾಶ್ರಿತರಲ್ಲ, ನಮ್ಮ ನಾಡಿನವರೇ; ಆದರೂ ಪರಸ್ಥಳದಲ್ಲಿ ಬಾಯಿಲ್ಲದವರಾಗಿದ್ದಾರೆ. ಅನೇಕ ಕಡೆ ಮನೆಯಲ್ಲಿ ಓದುಬರಹ ಬಲ್ಲವನು ಶಾಲೆಗೆ ಹೋಗುವ ಮಗನು ಅಥವಾ ಮಗಳು ಮಾತ್ರ. ಕೇಂದ್ರ ಕಾಯಿದೆಯಂತೆ, ಹಿಂದಿನ ಹನ್ನೆರಡು ತಿಂಗಳಲ್ಲಿ ೯೦ ದಿನವಾದರೂ ಕಟ್ಟಡದ ಕೆಲಸ ಮಾಡಿದ, ೧೮ರಿಂದ ೬೦ ವರ್ಷದೊಳಗಿನ ಕೂಲಿಯು ಕಲ್ಯಾಣ ಮಂಡಳಿಯಲ್ಲಿ ಹೆಸರನ್ನು ನೋಂದಾಯಿಸಿಕೊಳ್ಳಬಹುದು. ಇದನ್ನು ತಂದೆಗೆ ಓದಿ ಹೇಳಬಲ್ಲ ಮಗಳು ಆ ಮನೆಗೆ ಎಂತಹ ಆಸರೆ!

ವಾಚಕರು ಮಾಡಬಹುದಾದುದು ಬಹಳವಿಲ್ಲ. ನಿಮ್ಮ ಬೀದಿಯಲ್ಲಿ ಮನೆ ಕಟ್ಟುವವರ ಮಕ್ಕಳನ್ನು ಹೆಸರು ಹಿಡಿದು ಮಾತನಾಡಿಸಿರಿ. ಅರ್ಜಿಯನ್ನು ನೀವೇ ಬರೆದುಕೊಡುವ ಬದಲು ಅವರ ಕೈಯಿಂದ ಬರೆಯಿಸಿ ತಪ್ಪನ್ನು ತಿದ್ದಿರಿ. ಕಚೇರಿಗೆ ಜೊತೆಯಲ್ಲಿ ಹೋಗಿರಿ. ಆದರೆ ಅಧಿಕಾರಿಯ ಮುಂದೆ ಮಾತನಾಡುವ ಸರದಿಯನ್ನು ಅವರಿಗೇ ಬಿಡಿರಿ. ಬಡಾವಣೆಯ ಶಾಲೆಯ ಸಭೆಯಲ್ಲಿ ಅಂಥ ಒಂದು ಮಗುವಿಗೆ ಒಂದು ಸಣ್ಣ ಹೊಣೆಯನ್ನು ಕೊಡಿಸಿರಿ. ಮೊದಲ ದಿನ ಸ್ವರವು ನಡುಗೀತು, ಎರಡನೆಯ ದಿನ ಮಾತು ತಡವರಿಸೀತು. ನಾವು ಸ್ವಲ್ಪ ತಾಳ್ಮೆಯಿಂದ ಕೇಳಿಸಿಕೊಂಡರೆ ಮೂರನೆಯ ದಿನ ಆ ಮಗುವು ತನ್ನವರೆಲ್ಲರ ಪರವಾಗಿ ಮಾತನಾಡುವುದು. ಅನ್ನದಾನವು ಅಂದಿನ ಹಸಿವನ್ನು ಕಳೆಯುವುದು. ಕಿವಿಗೊಡುವ ದಾನವು ಒಂದು ತಲೆಮಾರನ್ನು ಎಬ್ಬಿಸಿ ನಿಲ್ಲಿಸುವುದು.